ಹೆಸರು ಹಿಡಿಯದ ಕೂಗು

ಕರೆದರೆ ಬಾವಿಗಳು ಓ ಎನ್ನುತ್ತಿದ್ದ ಕಾಲದ ಮಾತಿದು. ನಂಬುವವರು ನಂಬಲಿ, ಬಿಡುವವರು ಬಿಡಲಿ. ಕೊಡ ಹೊತ್ತವರಿಗೆ ನೀರಿನ ಸುದ್ದಿ ಗೊತ್ತು; ಚೊಂಬು ಎತ್ತಿ ಗಟಗಟ ಕುಡಿದು ಮೂತಿ ಒರೆಸಿಕೊಂಡವರಿಗೆ ಏನು ಗೊತ್ತು?

ಆ ಊರಿಗೆ ಒಂದು ಕೆರೆ, ಕೆರೆಯ ಬೆನ್ನಿಗೆ ನಾಲ್ಕು ಬಾವಿ. ಕೆರೆಯ ನೀರು ನೆಲಕ್ಕಿಳಿದು, ಮಣ್ಣಿನಲ್ಲಿ ಸೋಸಿಕೊಂಡು, ತಣ್ಣಗೆ ಬಾವಿಗೆ ಬಂದು ಕೂರುತ್ತಿತ್ತು. ಒಂದೇ ತಾಯಿಯ ಮಕ್ಕಳಾದರೂ ನಾಲ್ಕಕ್ಕೂ ನಾಲ್ಕು ಗುಣ. ಬ್ಯಾಳಿಬಾವಿಯ ನೀರಿನಲ್ಲಿ ತೊಗರಿಬೇಳೆ ಒಂದು ಕುದಿಗೆ ಬೆಣ್ಣೆಯಾಗುತ್ತಿತ್ತು. ಮಾವನಬಾವಿಯದು ಗಡಸು ನೀರು. ಅಲ್ಲಿ ಯಾರ ಬೇಳೆಯೂ ಬೇಯುತ್ತಿರಲಿಲ್ಲ. ಸೊಸೆಬಾವಿಯ ನೀರಿಗೆ ಕಣ್ಣೀರಿನಷ್ಟು ಉಪ್ಪು, ಕುಡಿದರೆ ಯಾಕೋ ತವರು ನೆನಪಾಗುತ್ತಿತ್ತು. ಅಜ್ಜಿಬಾವಿ ಮಾತ್ರ ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಗೆ. ಬಾಣಂತಿಯರಿಗೂ ಮುದುಕರಿಗೂ ಅದೇ ನೀರು.

ನೀರಿಗೆ ಹೋದವರು ಹಗ್ಗ ಬಿಡುವ ಮೊದಲು ಬಗ್ಗಿ, ಬಾವಿಯನ್ನು ಹೆಸರು ಹಿಡಿದು ಕರೆಯಬೇಕು. "ಅಜ್ಜೀ" ಎಂದರೆ ಆಳದಿಂದ "ಓ" ಎಂದು ಬರುತ್ತಿತ್ತು. ಓ ಎಂದ ಮೇಲೆ ಕೊಡ ಇಳಿಯುವುದು. ಕೇಳದೆ ತಗೊಂಡದ್ದು ಕಳವು ಎಂದು ಆ ಊರಿನ ಮಾತು. ಬೆಳಗಿನ ಹೊತ್ತು ನಾಲ್ಕು ಬಾವಿಗಳ ಓ, ಬಳೆಗಳ ಸದ್ದು, ಹಗ್ಗದ ಗಡಗಡೆಯ ಕಿರಕಿರ ಎಲ್ಲ ಸೇರಿ ಊರು ಏಳುತ್ತಿತ್ತು. ಕೋಳಿಗೆ ಆ ಊರಿನಲ್ಲಿ ಅಂಥ ಕೆಲಸವೇನೂ ಇರಲಿಲ್ಲ.

ಬಾವಿಗಿದ್ದ ಪದ್ಧತಿಯೇ ಊರಿಗೆಲ್ಲ. ನಡುವೆ ಒಂದು ಕಲ್ಲಿನ ಕಟ್ಟೆ, ಕರೆಕಟ್ಟೆ ಎಂದು ಅದರ ಹೆಸರು. ಯಾರ ಮೇಲೆ, ಯಾವುದರ ಮೇಲೆ ದೂರಿದ್ದರೂ ಆ ಕಟ್ಟೆಯ ಮೇಲೆ ನಿಂತು ಹೆಸರು ಹಿಡಿದು ಮೂರು ಸಲ ಕೂಗಬೇಕು. ಹೆಸರು ಹಿಡಿದರೆ ಓಗೊಡಲೇಬೇಕು. ಓಗೊಟ್ಟರೆ ಕಟ್ಟೆಗೆ ಬಂದು ನಿಲ್ಲಲೇಬೇಕು. ಹೆಸರಿಲ್ಲದ್ದನ್ನು ಮಾತ್ರ ಕರೆಯುವಂತಿಲ್ಲ. ಕರೆಯದ್ದರ ಮೇಲೆ ತಪ್ಪು ಹೊರಿಸುವಂತಿಲ್ಲ. ಇದು ಆ ಊರಿನ ಕಟ್ಟಳೆ, ಹಿರಿಯರ ಹಿರಿಯರು ಹಾಕಿಟ್ಟದ್ದು.

ಕೂಗುವುದಕ್ಕೆಂದೇ ಒಬ್ಬನಿದ್ದ. ಕೂಗುವವನು ಎಂದೇ ಅವನನ್ನು ಕರೆಯುತ್ತಿದ್ದರು. ಅವನ ಗಂಟಲು ಎಂಥದೆಂದರೆ ಒಮ್ಮೆ ಹಳ್ಳ ಉಕ್ಕಿ ಓಣಿಗೆ ನುಗ್ಗಿದಾಗ ಕಟ್ಟೆ ಹತ್ತಿ "ಹಳ್ಳವ್ವಾ" ಎಂದು ಮೂರು ಸಲ ಕೂಗಿದ. ಹಳ್ಳ ಗೊಳೋ ಎಂದು ಓಗೊಟ್ಟು ಕಟ್ಟೆಯ ಮೆಟ್ಟಿಲವರೆಗೆ ಬಂದು ನಿಂತಿತು. ಆಗಿನ ಹಿರಿಯರು, "ಏನವಾ ಇದು, ಮೈಮ್ಯಾಗ ಖಬರಿಲ್ಲೇನು? ಕೂಸು ಕುನ್ನಿ ಮಲಗಿದ ಹೊತ್ತು" ಎಂದು ಗದರಿದ್ದೇ ತಡ, ನಾಚಿಕೊಂಡು ಹಿಂದೆ ಸರಿಯಿತು. ತಪ್ಪುಕಾಣಿಕೆಯೆಂದು ಒಂದಿಷ್ಟು ಮೀನು ಬಿಟ್ಟು ಹೋಯಿತು. ಸಿಡುಬನ್ನು ಕರೆದಿದ್ದಾರೆ, ಹಂಚು ಹಾರಿಸಿದ ಗಾಳಿಯನ್ನು ಕರೆದಿದ್ದಾರೆ, ಒಂದು ಚಾಡಿಮಾತನ್ನು ಕೂಡ ಕರೆದು ನಿಲ್ಲಿಸಿ ಉಗಿದಿದ್ದಾರೆ. ಹೆಸರೊಂದು ಇದ್ದರೆ ಸಾಕಿತ್ತು.

ಈ ಕಥೆ ಕೂಗುವವನದಲ್ಲ, ಅವನ ಹೆಂಡತಿಯದು. ಲೋಕದ ಹೆಸರೆಲ್ಲ ಗಂಡನ ಬಾಯಲ್ಲಿ. ಅವಳ ಬಾಯಲ್ಲಿ ಗಂಡನ ಹೆಸರೊಂದೇ ಇಲ್ಲ. ಗಂಡನ ಹೆಸರು ಹಿಡಿಯಬಾರದು ಎನ್ನುವುದು ಆ ಸೀಮೆಯ ಎಲ್ಲ ಹೆಂಗಸರ ಕಟ್ಟಳೆ. ಮದುವೆಯ ದಿನ ಹೊಸ್ತಿಲಲ್ಲಿ ನಿಲ್ಲಿಸಿ "ಹೆಸರು ಹೇಳಿ ಒಳಗ ಬಾ" ಎಂದಾಗ ಮಾತ್ರ, ಒಂದು ಪದ ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಸೆರಗಿನಲ್ಲಿ ಹೂ ಮುಚ್ಚಿಟ್ಟ ಹಾಗೆ ಮುಚ್ಚಿಟ್ಟು ಹೇಳುವುದುಂಟು. ಒಡಪು ಎನ್ನುತ್ತಾರೆ ಅದಕ್ಕೆ. ಅವಳು ಎಷ್ಟು ಚೆಂದ ಮುಚ್ಚಿಟ್ಟಳೆಂದರೆ ಬೀಗರು ಊಟಕ್ಕೆ ಕೂತ ಮೇಲೂ ಹುಡುಕುತ್ತಿದ್ದರು. ಅವಳು ಹೇಳದ ಹೆಸರನ್ನು ನಾನು ಹೇಳುವುದು ಸರಿಯಲ್ಲ, ಬಿಟ್ಟುಬಿಡಿ.

ಮಾರನೆಯ ಬೆಳಿಗ್ಗೆ ಅತ್ತೆ ಅವಳನ್ನು ಬಾವಿಗಳ ಬಳಿಗೆ ಕರೆದುಕೊಂಡು ಹೋಗಿದ್ದಳು. ಒಂದೊಂದು ಬಾವಿಯ ಕಟ್ಟೆಗೂ ಅರಿಸಿನ ಹಚ್ಚಿ, ಬಗ್ಗಿ, "ಇಕಿ ನಮ್ಮ ಸೊಸಿ. ಇಕಿ ಕರದರ ಓ ಅನ್ರಿ" ಎಂದು ಹೇಳಿದ್ದಳು. ಹೊಸ ಸೊಸೆ ಹೆದರುತ್ತ ಹೆದರುತ್ತ "ಅಜ್ಜೀ" ಎಂದಳು. ಅವಳ ಸಣ್ಣ ದನಿಗೆ ಬಾವಿಯೂ ಸಣ್ಣ ದನಿಯಲ್ಲೇ ಓ ಎಂದಿತು. ತವರಿನಿಂದ ಬಂದ ಮೇಲೆ ಮೊದಲ ಸಲ ಅವಳು ನಕ್ಕದ್ದು ಆಗ. ಆ ನಗು ಅವಳಿಗೆ ಮುದುಕಿಯಾದ ಮೇಲೂ ನೆನಪಿತ್ತು.

ಹೀಗಿರುವಾಗ ಜಾರುಮನೆ ಬಂತು.

ಕೆರೆಯ ಮೇಲ್ದಂಡೆಯಲ್ಲಿ ಉದ್ದಕ್ಕೆ ಒಂದು ತಗಡಿನ ಮನೆ ಎದ್ದಿತು. ಅಲ್ಲಿ ಒಂದು ಲೇಪ ಮಾಡುತ್ತಿದ್ದರು. ಆ ಲೇಪ ಬಳಿದದ್ದಕ್ಕೆ ಏನೂ ಅಂಟುವುದಿಲ್ಲ. ಹಂಚಿಗೆ ಬಳಿದರೆ ರೊಟ್ಟಿ ತಾನಾಗಿ ಜಾರಿ ಬುಟ್ಟಿಗೆ ಬೀಳುತ್ತಿತ್ತು. ಕಂಬಳಿಗೆ ಬಳಿದರೆ ಮಳೆ ಜಾರಿ ಹೋಗುತ್ತಿತ್ತು. ಕಾಲಿನ ಕೆರಕ್ಕೆ ಬಳಿದರೆ ಕೆಸರು ಜಾರುತ್ತಿತ್ತು. ಊರಿಗೆ ಊರೇ ಬೆರಗಾಯಿತು. ಮನೆಮನೆಗೂ ಜಾರುಹಂಚು ಬಂತು. ಕೂಗುವವನ ಹೆಂಡತಿಯೂ ತಂದಳು. ಸುಳ್ಳು ಯಾಕೆ ಹೇಳಬೇಕು, ಇಷ್ಟು ವರ್ಷ ಹಂಚು ತಿಕ್ಕಿ ತಿಕ್ಕಿ ಸವೆದ ಉಗುರಿಗೆ ಅದರಷ್ಟು ಸುಖ ಯಾರೂ ಕೊಟ್ಟಿರಲಿಲ್ಲ.

ಲೇಪ ಮಾಡಿ ಉಳಿದ ನೀರು ಒಂದು ಕಾಲುವೆಯಲ್ಲಿ ಕೆರೆಗೆ ಬರುತ್ತಿತ್ತು. ಅದಕ್ಕೆ ಬಣ್ಣವಿರಲಿಲ್ಲ, ವಾಸನೆಯಿರಲಿಲ್ಲ, ರುಚಿಯಿರಲಿಲ್ಲ. ಕೆರೆಯ ನೀರು ಮೊದಲಿಗಿಂತ ತಿಳಿಯಾಗಿ ಕಾಣುತ್ತಿತ್ತು. "ನೋಡ್ರಿ, ಧಣಿಯ ಕೈಗುಣ" ಎಂದರು ಜನ. ಜಾರುಮನೆಯ ಧಣಿ ತುಂಬ ವಿನಯದವನು. ಜರಿ ಶಲ್ಯ ಹೊದ್ದು, ಎಳೆಗೂಸಿಗೂ ಕೈಮುಗಿಯುತ್ತಿದ್ದ. ಕುಡಿಯುವ ನೀರನ್ನು ಮಾತ್ರ ದೂರದ ಯಾವುದೋ ಊರಿನಿಂದ ಗಾಡಿಯಲ್ಲಿ ಹೇರಿಸಿ ತರಿಸಿಕೊಳ್ಳುತ್ತಿದ್ದ. ಅಭ್ಯಾಸದ ನೀರು, ಬಿಡಾಕ ಆಗಂಗಿಲ್ಲ ಎನ್ನುತ್ತಿದ್ದ.

ಮೊದಲು ಹೋದದ್ದು ಬಾವಿಗಳ ಓ. ಒಂದು ಬೆಳಿಗ್ಗೆ ಕೂಗುವವನ ಹೆಂಡತಿ ಬಗ್ಗಿ "ಅಜ್ಜೀ" ಎಂದಳು. ಕೂಗು ಒಳಗಿಳಿಯಿತು, ಗೋಡೆಗೆ ಅಂಟಲಿಲ್ಲ, ಜಾರಿ ಎಲ್ಲಿಗೋ ಹೋಯಿತು. ಇನ್ನೊಮ್ಮೆ ಕರೆದಳು. ಇಲ್ಲ. "ಅಜ್ಜಿಗೆ ಕಿವಿ ಮಂದ ಆದುವೇನ" ಎಂದು ಪಕ್ಕದವಳು ನಕ್ಕಳು. ಇವಳು ನಗಲಿಲ್ಲ. ಓ ಎನ್ನದ ಬಾವಿಯಿಂದ ನೀರು ಸೇದಿದ್ದು ಅವಳ ಬಾಳಿನಲ್ಲಿ ಅದೇ ಮೊದಲು. ಕೊಡ ತುಂಬಿದ್ದರೂ ಕದ್ದು ತಂದಂತೆ ಸೆರಗು ಹೊದಿಸಿಕೊಂಡು ಮನೆಗೆ ಬಂದಳು.

ಆಮೇಲೆ ಒಂದೊಂದಾಗಿ ಎಲ್ಲ ಜಾರತೊಡಗಿತು. ಗೋಡೆಗೆ ತಟ್ಟಿದ ಸೆಗಣಿಯ ಕುಳ್ಳು ಜಾರಿ ಬಿತ್ತು. ಹಣೆಗಿಟ್ಟ ಕುಂಕುಮ ಮೂಗಿಗಿಳಿಯಿತು. ಬೀಸುವಾಗ ಹೇಳುವ ಹಾಡು ಎರಡು ಸಾಲಾದ ಮೇಲೆ ನಾಲಿಗೆಯಿಂದ ಜಾರುತ್ತಿತ್ತು. ಅಣ್ಣನ ಮನೆಗೆ ಹೊರಟ ತಂಗಿ ಅರ್ಧ ದಾರಿಯಲ್ಲಿ ಯಾಕೆ ಹೊರಟೆ ಎಂದು ಮರೆತು ತಿರುಗಿ ಬರುತ್ತಿದ್ದಳು. ಅಂಟು ಹೋದಲ್ಲಿ ನಂಟು ಎಷ್ಟು ದಿನ ಇದ್ದೀತು? ಮತ್ತೆ, ಹೇಳಲು ಸಂಕಟವಾಗುತ್ತದೆ, ಬಸಿರು ಜಾರತೊಡಗಿದವು. ಇಂದು ಈ ಮನೆ, ನಾಳೆ ಆ ಮನೆ. ತೊಟ್ಟಿಲುಗಳನ್ನು ಅಟ್ಟಕ್ಕೇರಿಸಿದರು.

ಕೂಗುವವನ ಮಗಳನ್ನು ಅದೇ ಊರಿನ ಕೆಳಗಿನ ಓಣಿಗೆ ಕೊಟ್ಟಿತ್ತು. ಅವಳಿಗೆ ಎರಡು ಸಲ ಹೊಟ್ಟೆ ನಿಂತು, ಎರಡು ಸಲವೂ ಜಾರಿತು. ಮೂರನೆಯ ಸಲ ತಾಯಿ ಅವಳನ್ನು ತನ್ನ ಮನೆಗೇ ಕರೆತಂದಳು. ಮೆಟ್ಟಿಲಿಳಿಯಬೇಡ ಎಂದಳು, ಕೊಡ ಎತ್ತಬೇಡ ಎಂದಳು, ಗಟ್ಟಿಯಾಗಿ ನಗಲೂ ಬೇಡ ಎಂದಳು. ನೀರು ಕುಡಿಯಬೇಡ ಎಂದು ಮಾತ್ರ ಹೇಳಲಾರದೆ ಹೋದಳು. ಹಳ್ಳದಲ್ಲಿ ನೀರು ಮಳೆಗಾಲಕ್ಕಷ್ಟೇ, ಆ ಊರಿಗೆ ಬೇರೆ ನೀರಿರಲಿಲ್ಲ. ಲೋಟ ತುಂಬಿ ಕೊಡುವಾಗಲೆಲ್ಲ ಮೊದಲು ತಾನೊಂದು ಗುಟುಕು ಕುಡಿದು ನೋಡುತ್ತಿದ್ದಳು.

ಹೆಂಡತಿಯ ಕಾಟ ತಾಳಲಾರದೆ ಕೂಗುವವನು ಕಟ್ಟೆಯ ತೀರ್ಮಾನ ಹೇಳುವ ಊರ ಹಿರಿಯರ ಬಳಿಗೆ ಹೋದ. ನೀರಿನಲ್ಲಿ ಏನೋ ಇದೆ, ಕಾಲುವೆಯಿಂದಲೇ ಬರುತ್ತದೆ ಎನ್ನುವುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿರಿಯರು ಕಟ್ಟೆಗೆ ಬಂದು ಕೂತರು. "ಕರೀಬೇಕಂದ್ರ ಹೆಸರು ಬೇಕಲ್ಲೋ" ಎಂದರು. ಕೂತು ಯೋಚಿಸಿ, ಜಾರಿಸುವವನು ಜಾರಪ್ಪ ಎಂದು ಹೆಸರಿಟ್ಟರು. ಕೂಗುವವನು ಹಲಗೆ ಬಡಿದು "ಜಾರಪ್ಪಾ" ಎಂದು ಕೂಗಿದ. ಕಟ್ಟೆಯ ಮುಂದಿನ ಮರದಿಂದ ಕಾಗೆಗಳೆದ್ದವು, ಓ ಬರಲಿಲ್ಲ. ಧಣಿ ಕೈಮುಗಿದು ನಿಂತಿದ್ದ.

"ಹಿರಿಯರ, ಆ ಜಾರಪ್ಪನ್ನ ಲೇಪದಾಗ ಹಾಕೂದು ನಾವು ಹ್ವಾದ ವರ್ಷನ ಬಿಟ್ಟೇವ್ರಿ. ಈಗ ಕಾಲುವಿಗೆ ಬರೂದು ಅವನ ತಮ್ಮ. ಅವಗಿನ್ನೂ ಹೆಸರಿಟ್ಟಿಲ್ಲ."

ತಮ್ಮನಿಗೆ ತಮ್ಮಣ್ಣ ಎಂದು ಹೆಸರಿಟ್ಟು ಕೂಗಿದರು. ಓ ಇಲ್ಲ. ತಮ್ಮಣ್ಣನೂ ಹೋದ, ಈಗಿರುವುದು ಅವನ ಷಡ್ಡಕ ಎಂದ ಧಣಿ. ಷಡ್ಡಕನಿಗೆ ಹೆಸರಿಡುವಷ್ಟರಲ್ಲಿ ಷಡ್ಡಕನ ಅಳಿಯ ಬಂದಿದ್ದ. ಆ ಮನೆಯಲ್ಲಿ ಬೀಗರಿಗೆ ಬರವಿರಲಿಲ್ಲ. ಹೆಸರುಗಳು ಇಟ್ಟ ಕೂಡಲೇ ಜಾರಿ ಹೋಗುತ್ತಿದ್ದವು, ಹಂಚಿನಿಂದ ರೊಟ್ಟಿ ಜಾರಿದ ಹಾಗೆ. ಕೂಗಿ ಕೂಗಿ ಕೂಗುವವನ ಗಂಟಲು ಬಿದ್ದಿತು. ಕೊನೆಗೆ ಹಿರಿಯರು, "ಹೆಸರಿಲ್ಲದ್ದನ್ನ ಕರಿಯಾಕ ಬರಂಗಿಲ್ಲ. ಕರಿಯಾಕ ಬರದ್ದರ ಮ್ಯಾಲ ತಪ್ಪೂ ಹೊರಸಂಗಿಲ್ಲ" ಎಂದು ಎದ್ದುಹೋದರು. ಧಣಿ ಎಲ್ಲರಿಗೂ ಕೈಮುಗಿದ.

ಅಂದಿನಿಂದ ಕೂಗುವವನು ಜಗಲಿಯ ಮೇಲೆ ಸುಮ್ಮನೆ ಕೂತುಬಿಟ್ಟ. ಮನೆಯೊಳಗೆ ಅವನ ಹೆಂಡತಿ ಮಗಳ ಹೊಟ್ಟೆ ನೋಡುತ್ತ ಕೂತಳು. ಅವಳಿಗೆ ಯಾವಾಗ ನೋಡಿದರೂ ಹಳೆಯದೇ ಕಣ್ಣಿಗೆ ಕಟ್ಟುತ್ತಿತ್ತು. ಇದೇ ಮಗಳು ಹುಟ್ಟಿದಾಗ, ಮೈಲಿಗೆ ಕಳೆದು, ಹಸಿ ಮೈಯಲ್ಲಿ ಅಜ್ಜಿಬಾವಿಗೆ ಹೋಗಿ ಗಂಗೆಪೂಜೆ ಮಾಡಿದ್ದು. ಕೂಸನ್ನು ಬಾವಿಯ ಮೇಲೆ ಹಿಡಿದು ಅತ್ತೆ ಅದರ ಹೆಸರು ಕೂಗಿದ್ದು, ಅಜ್ಜಿ ಓ ಎಂದದ್ದು, ಆ ದನಿಗೆ ಕೂಸು ಬೆಚ್ಚಿ ಬೊಚ್ಚುಬಾಯಿ ತೆರೆದದ್ದು. ನೀರು ಎನ್ನುವುದು ಆಗ ಮನೆಯ ಹಿರಿಯಳೊಬ್ಬಳ ಹಾಗೆ ಇತ್ತು. ಈಗ ಅದು ಯಾರೋ. ಕೊಡದಲ್ಲಿ ಕೂತು ಮಿಣ್ಣಗೆ ನೋಡುವ ಗುರುತಿಲ್ಲದ ಯಾರೋ.

ಒಂದು ಮಧ್ಯಾಹ್ನ ಅವಳು ಹಿತ್ತಲಲ್ಲಿ ಒಲೆ ಹೂಡಿ ತುಪ್ಪದಲ್ಲಿ ಮರದ ಅಂಟು ಹುರಿಯುತ್ತಿದ್ದಳು. ಬಾಣಂತಿಗೆ ಕೊಡುವ ಅಂಟಿನುಂಡೆಯನ್ನು ಹೆರಿಗೆಗೆ ಮುಂಚೆ ಕಟ್ಟುವುದು ಸಂಪ್ರದಾಯವಲ್ಲ. ಏನು ಮಾಡುವುದು, ಕೈ ಕೇಳಲಿಲ್ಲ. ಬೆಲ್ಲದ ಪಾಕ ಹದವಾಗಿತ್ತು, ಕೊಬ್ಬರಿ ಉತ್ತುತ್ತಿ ಎಲ್ಲ ಸರಿಯಾಗಿತ್ತು. ಉಂಡೆ ಮಾತ್ರ ಕಟ್ಟಲೊಲ್ಲದು. ಮುಷ್ಟಿ ಬಿಚ್ಚಿದರೆ ಪುಡಿ. ಮತ್ತೆ ಕಟ್ಟಿದಳು, ಮತ್ತೆ ಪುಡಿ. ಅಷ್ಟರಲ್ಲಿ ಬಾಗಿಲಲ್ಲಿ ಮಗಳು ಬಂದು ನಿಂತಳು. ಮುಖ ಸಪ್ಪಗಿತ್ತು.

"ಯವ್ವಾ, ನಿನ್ನಿಯಿಂದ ಕೂಸು ಒದ್ದಿಲ್ಲ."

ತಾಯಿ ಒಲೆ ಬಿಟ್ಟು ಎದ್ದಳು. ಕೈಯಲ್ಲಿದ್ದ ಸೌಟು ಹಾಗೆಯೇ ಹಿಡಿದು ಬಾಯಿ ತೆರೆದು ಕೂಗಿದಳು, "ಏನ್ರೀ! ಲಗೂನ ಇಲ್ಲಿ ಬರ್ರೀ!"

"ಓ" ಎಂದು ಜಗಲಿಯಿಂದ ಗಂಡ ಓಡಿ ಬಂದ. ಪಕ್ಕದ ಹಿತ್ತಲಿನಿಂದ ಇನ್ನೊಬ್ಬ ಗಂಡಸು "ಓ" ಎಂದ. ಬೇಲಿಯಾಚೆಯ ಮುದುಕ, ಹೆಂಡತಿ ಸತ್ತು ಎಷ್ಟೋ ಕಾಲವಾದವನು, ಅವನೂ ನಿದ್ದೆಗಣ್ಣಿನಲ್ಲಿ "ಓ, ಬಂದೆ" ಎಂದ.

ಮಗಳನ್ನು ಚಾಪೆಯ ಮೇಲೆ ಒರಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಗಾಳಿ ಬೀಸುತ್ತ ಕೂತ ಮೇಲೆ ತಾಯಿ ಗಂಡನ ಮುಖವನ್ನು ಒಂದು ಥರ ನೋಡಿದಳು.

"ಅಲ್ರೀ, ಈಗ ನಾ ಯಾರನ್ನ ಕರದೆ?"

"ನನ್ನ ಕರದಿ. ಮತ್ಯಾರನ್ನ?"

"ಹೆಸರು ಹಿಡದೆನೇನು?"

ಕೂಗುವವನು ಅವಳ ಕೈಯಿಂದ ಬೀಸಣಿಗೆ ತೆಗೆದುಕೊಂಡು ತಾನೇ ಬೀಸತೊಡಗಿದ.

"ಮದುವ್ಯಾಗಿ ತಲಿ ಬೆಳ್ಳಗಾತು, ಒಂದು ದಿನ ನಿಮ್ಮ ಹೆಸರು ಹಿಡದಿಲ್ಲ ನಾ. ಕರದಾಗ ಒಂದು ದಿನರೆ ನೀವು ಓ ಅನ್ನದ ಉಳದೀರೇನು? ಹೆಸರಿಲ್ಲದ ಕರಿಯಾಕ ಬರಂಗಿಲ್ಲ ಅಂತ ಯಾರಂದ್ರು? ಗಂಡಸರು ಅಂದಾರ. ನಮಗ ಅದೊಂದ ಬರತೈತಿ."

"ಹಿರಿಯರು ಒಪ್ಪಂಗಿಲ್ಲ" ಎಂದ ಅವನು ಮೆಲ್ಲಗೆ. "ಒಪ್ಪಸ್ತೀನಿ" ಎಂದು ಅವಳು ಸೆರಗು ಸಿಕ್ಕಿಸಿದಳು. ಮನೆಮನೆಗೆ ಹೋದಳು. ಅಟ್ಟದ ಮೇಲೆ ತೊಟ್ಟಿಲಿದ್ದ ಮನೆಯ ಯಾವ ಹೆಂಗಸಿಗೂ ಎರಡನೆಯ ಮಾತು ಹೇಳಬೇಕಾಗಲಿಲ್ಲ.

ಮರುದಿನ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಊರಿನ ಹೆಂಗಸರೆಲ್ಲ ಬರಿಗೊಡ ಹೊತ್ತು ಕರೆಕಟ್ಟೆಯ ಮುಂದೆ ನಿಂತಿದ್ದರು. ಗಂಡಸರು ಏನಿದು ಗದ್ದಲ ಎಂದು ಬಂದರು. ಹಿರಿಯರು ಬಂದರು. ಧಣಿ ಬಂದ, ಕೈಮುಗಿದ. ಕೂಗುವವನ ಹೆಂಡತಿ ಕಟ್ಟೆಯ ಮೆಟ್ಟಿಲು ಹತ್ತಿದಳು. ಮಗಳು ಮನೆಯಲ್ಲಿ ಇರು ಎಂದರೂ ಇರದೆ, ಗೋಡೆ ಹಿಡಿದು ಹಿಡಿದು ಬಂದು ಮೆಟ್ಟಿಲ ಬುಡದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಕೂಸು ಇನ್ನೂ ಒದ್ದಿರಲಿಲ್ಲ.

"ಏನು ತಂಗಿ, ಹೆಸರು ಸಿಕ್ಕಿತೇನು?" ಎಂದರು ಹಿರಿಯರು.

"ಇಲ್ರಿ. ಹೆಸರಿಲ್ಲದ ಕರೀತೀನಿ."

"ಹೆಸರಿಲ್ಲದ ಕರದದ್ದು ಕರದಂಗಲ್ಲವಾ. ಕಟ್ಟಳಿ ಕಟ್ಟಳಿನ."

"ಇದು ಊರಿನ ಸಂಪ್ರದಾಯಕ್ಕ ಎರಡು ಬಗದಂಗ" ಎಂದ ಧಣಿ, ತುಂಬ ನೊಂದವನಂತೆ.

ಆಗ ಹೆಂಗಸರ ಗುಂಪಿನಿಂದ ಆ ಹಿರಿಯರ ಹೆಂಡತಿಯೇ ಮುಂದೆ ಬಂದಳು. ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ಹೌದೇನ್ರೀ? ಮುಂಜಾನಿ ರೊಟ್ಟಿ ಬಡದು, ಬರ್ರೀ ಅಂತ ಕರದೆ. ಓ ಅಂದು ಬಂದು ಉಂಡ್ರಿ. ಯಾವ ಹೆಸರಿಗೆ ಬಂದ್ರಿ? ಹೆಸರಿಲ್ಲದ ಕರದದ್ದು ಕರದಂಗಲ್ಲ ಅಂದ್ರ ಹೇಳಿಬಿಡ್ರಿ. ಇವತ್ತಿನಿಂದ ಈ ಊರಾಗ ಯಾವ ಹೆಂಗಸೂ ಯಾವ ಗಂಡಸನ್ನೂ ಊಟಕ್ಕ ಕರಿಯಂಗಿಲ್ಲ."

ಗಂಡಸರಲ್ಲಿ ಗುಜುಗುಜು ಎದ್ದಿತು. ಕಟ್ಟಳೆ ದೊಡ್ಡದು, ನಿಜ. ಹೊಟ್ಟೆ ಅದಕ್ಕಿಂತ ಹಳೆಯದು. ಹಿರಿಯರು ಗಂಟಲು ಸರಿಮಾಡಿಕೊಂಡು, "ಕರೀಲಿ ಬಿಡ್ರಿ. ಓ ಅಂದ್ರ ನೋಡೋಣ" ಎಂದರು.

ಕೂಗುವವನು ಹಲಗೆ ಬಡಿದ. ಅವನ ಹೆಂಡತಿ ತಲೆಯ ಮೇಲೆ ಸೆರಗೆಳೆದುಕೊಂಡು, ಹೊಸ ಸೊಸೆ ಹೊಸ್ತಿಲಲ್ಲಿ ನಿಂತಂತೆ ನಿಂತು, ಒಡಪು ಹೇಳಿದಳು:

"ಬಣ್ಣಿಲ್ಲ ವಾಸನಿಲ್ಲ, ಬಾಯಾಗ ರುಚಿಯಿಲ್ಲ,
ಕೊಡದಾಗ ಕೂಡಿ ಬಂದವರ,
ತೊಟ್ಟಿಲ ಹಗ್ಗ ಕಟ್ಟೂ ಮುಂಚೇನ
ಬಸುರಾಗ ಬಿಡಾರ ಹೂಡಿದವರ,
ಏನ್ರೀ, ಒಂಚೂರು ಇತ್ತ ಬರ್ರೀ!"

"ಓ!" ಎಂದು ದೊಡ್ಡ ದನಿ ಎದ್ದಿತು. ಕಟ್ಟೆಯೇ ನಡುಗಿತು. ನೋಡಿದರೆ ಓ ಎಂದವರು ಊರಿನ ಗಂಡಂದಿರು! ಏನ್ರೀ ಎಂದು ಕಿವಿಗೆ ಬಿದ್ದದ್ದೇ ತಡ, ಅಭ್ಯಾಸಬಲದಿಂದ ಒಬ್ಬೊಬ್ಬರೂ ಓಗೊಟ್ಟುಬಿಟ್ಟಿದ್ದರು. ಹಿರಿಯರೂ ಅಂದಿದ್ದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಎಷ್ಟೋ ದಿನದಿಂದ ನಗದೆ ಇದ್ದ ಊರು ನಕ್ಕಿತು. ಬಾವಿಕಟ್ಟೆಯ ಹಳೆಯ ಬೆಳಗುಗಳಲ್ಲಿ ಹೀಗೇ ನಗುತ್ತಿದ್ದೆವಲ್ಲ ಎಂದು ಕೂಗುವವನ ಹೆಂಡತಿಗೆ ಕಣ್ಣು ತುಂಬಿ ಬಂತು.

"ಗಂಡಸರೆಲ್ಲ ಬಾಯಿಮ್ಯಾಗ ಕೈ ಇಟ್ಟಕೊಳ್ಳರಿ" ಎಂದರು ಹಿರಿಯರು, ತಾವೂ ಇಟ್ಟುಕೊಂಡು. ಹೆಂಗಸರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಟ್ಟೆಯ ಸುತ್ತ ತೆರೆದ ಬಾಯಿ ಒಂದೇ ಉಳಿಯಿತು. ಅವಳು ಎರಡನೆಯ ಸಲ ಅದೇ ಒಡಪು ಹೇಳಿ, ಅದೇ ದನಿಯಲ್ಲಿ ಕರೆದಳು.

"ಏನ್ರೀ, ಒಂಚೂರು ಇತ್ತ ಬರ್ರೀ!"

ಆಮೇಲೆ "ಓ" ಎಂದಿತು.

ಕೆರೆಯ ಕಡೆಯಿಂದ ಬರಲಿಲ್ಲ. ಕಾಲುವೆಯಿಂದ ಬರಲಿಲ್ಲ. ಮುಚ್ಚಿದ ಬಾಯಿಗಳ ಕೆಳಗಿನಿಂದ, ಎದೆಗೂಡಿನಿಂದ, ರಕ್ತದಿಂದ ಬಂತು. ಒಬ್ಬೊಬ್ಬರೊಳಗಿನಿಂದಲೂ ಬಂತು. ಬೇಲಿಯಾಚೆಯ ಮುದುಕನೊಳಗಿನಿಂದ ಬಂತು, ತಾಯಿಯ ಕಂಕುಳಲ್ಲಿದ್ದ ಮಗುವಿನೊಳಗಿನಿಂದ ಬಂತು, ಕೂಗುವವನೊಳಗಿನಿಂದ ಬಂತು. ದೂರದ ನೀರು ಕುಡಿಯುವ ಧಣಿಯ ಜರಿ ಶಲ್ಯದ ಕೆಳಗಿನಿಂದಲೂ ಬಂತು. ಅವನು ಮುಗಿದ ಕೈ ಬಿಚ್ಚಿ ಎದೆ ಮುಟ್ಟಿ ನೋಡಿಕೊಂಡ. ಅವನಿಗೂ ಅದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಕರೆದವಳ ಎದೆಯಲ್ಲೂ ಅದು ಓ ಎಂದಿತ್ತು, ಗಂಡನ ದನಿಯಷ್ಟೇ ಹತ್ತಿರದಲ್ಲಿ.

ಯಾರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದ್ದಬದ್ದವರೊಳಗೆಲ್ಲ ಓ ಎಂದಿತ್ತು, ಒಂದು ಕಡೆಯ ಹೊರತು. ಮೆಟ್ಟಿಲ ಬುಡದಲ್ಲಿ ಕೂತ ಮಗಳ ಹೊಟ್ಟೆಯಿಂದ ಏನೂ ಬಂದಿರಲಿಲ್ಲ. ತಾಯಿ ಅದನ್ನು ಗಮನಿಸಿದ್ದಳು. ಮಗಳೂ ಗಮನಿಸಿದ್ದಳು.

"ಇನ್ನೊಂದ ಕೂಗು" ಎಂದರು ಹಿರಿಯರು. ಅವರ ದನಿ ಬದಲಾಗಿತ್ತು. "ಮೂರನೇದು ಆಗಲಿ. ಆದಕೂಡಲೇ ಕಾಲುವಿ ಮುಚ್ಚೂದು."

ಕಟ್ಟೆಯ ಮೇಲೆ ನಿಂತವಳು ಮಗಳ ಹೊಟ್ಟೆಯ ಕಡೆಗೆ ನೋಡಿದಳು. ಮೂರನೆಯ ಕೂಗಿಲ್ಲದೆ ತೀರ್ಮಾನವಿಲ್ಲ, ತೀರ್ಮಾನವಿಲ್ಲದೆ ಕಾಲುವೆ ಮುಚ್ಚುವುದಿಲ್ಲ. ಅಟ್ಟದ ಮೇಲಿನ ತೊಟ್ಟಿಲುಗಳೆಲ್ಲ ಅವಳ ಒಂದು ಕೂಗಿಗೆ ಕಾಯುತ್ತಿದ್ದವು. ಆದರೆ ಕರೆದಾಗ ಮಗಳ ಹೊಟ್ಟೆ ಸುಮ್ಮನಿದ್ದರೆ? ಅದು ಅಲ್ಲಿಗೆ ಇಳಿದಿಲ್ಲ, ಕೂಸು ಶುದ್ಧವಾಗಿದೆ ಎಂದುಕೊಳ್ಳಬಹುದು. ಇಲ್ಲಾ, ಓ ಎನ್ನುವ ಜೀವವೇ ಅಲ್ಲಿಲ್ಲ ಎಂದೂ ಇರಬಹುದು. ಇನ್ನು ಓ ಎಂದರೆ? ಅವಳಿಗೆ ಮುಂದೆ ಯೋಚಿಸಲಾಗಲಿಲ್ಲ. ಬಾಳೆಲ್ಲ ಕರೆದು ಅಭ್ಯಾಸವಾದವಳು. ಕರೆಯಲು ಹೆದರಿದ್ದು ಇದೇ ಮೊದಲು.

ಮಗಳು ಕೆಳಗಿನಿಂದ ತಲೆಯೆತ್ತಿ ನೋಡಿದಳು. ತುಟಿ ಒಣಗಿತ್ತು.

"ಕರಿ ಯವ್ವಾ" ಎಂದಳು. "ಏನಾರ ಆಗಲಿ. ನನಗೂ ಗೊತ್ತಾಗಬೇಕು."

ತಾಯಿ ಕಣ್ಣು ಮುಚ್ಚಿದಳು. ಮೂರನೆಯ ಸಲ ಒಡಪು ಹೇಳಿದಳು. ಪದ ತಪ್ಪಲಿಲ್ಲ. ಕೊನೆಗೆ ಬರುವಾಗ ಅವಳಿಗೇ ತಿಳಿಯದೆ ಅದು ಊರು ಕೇಳುವ ಕೂಗಾಗಿ ಉಳಿಯದೆ, ಮಲಗಿದ ಕೂಸನ್ನು ಎಬ್ಬಿಸುವ ಮಾತಾಯಿತು.

"ಏನ್ರೀ... ಒಂಚೂರು ಇತ್ತ ಬರ್ರೀ."

ಊರು ಮತ್ತೆ ಓ ಎಂದಿತು, ಎದೆಎದೆಯಿಂದ. ಆ ದೊಡ್ಡ ಓ ಮುಗಿದು, ಎಲ್ಲರೂ ಉಸಿರು ಬಿಟ್ಟು, ಹಿರಿಯರು ಕೈಯೆತ್ತುವ ಹೊತ್ತಿಗೆ, ತಡವಾಗಿ, ತುಂಬ ಕೆಳಗಿನಿಂದ, ಒಂದು ಸಣ್ಣ ದನಿ ಬಂತು.

"ಓ."

ಮಗಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ನಗು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದವು. "ಐತಿ ಯವ್ವಾ! ಐತಿ! ಒದೀತು! ಇನ್ನೂ ಐತಿ!"

ಹಿರಿಯರು ಎತ್ತಿದ ಕೈ ಇಳಿಸಿ, "ಕಾಲುವಿ ಮುಚ್ಚರಿ" ಎಂದರು. ಗುದ್ದಲಿ ಬುಟ್ಟಿ ಹಿಡಿದು ಊರು ಕೆರೆಯ ಕಡೆಗೆ ನುಗ್ಗಿತು. ಹೆಂಗಸರು ಬರಿಗೊಡಗಳಲ್ಲಿ ಮಣ್ಣು ತುಂಬಿಕೊಂಡು ಓಡಿದರು. ಧಣಿ ಎಲ್ಲಿ ಹೋದನೋ ಯಾರೂ ನೋಡಲಿಲ್ಲ.

ಕಟ್ಟೆಯ ಬಳಿ ಮೂವರೇ ಉಳಿದರು. ಕೂಗುವವನಿಗೆ ಇನ್ನೊಂದು ಕೆಲಸವಿತ್ತು. ಕರೆದ ಮೇಲೆ ಓಗೊಟ್ಟದ್ದು ಯಾರೆಂದು ಊರಿಗೆ ಸಾರಿಯೇ ಅವನು ಕಟ್ಟೆ ಇಳಿಯಬೇಕು. ದೊಡ್ಡ ಓ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಯದು ಉಳಿದಿತ್ತು. ಅವನು ಹೆಂಡತಿಯ ಪಕ್ಕಕ್ಕೆ ಬಂದು, ಮಗಳಿಗೆ ಕೇಳಿಸದಂತೆ, ಬಿದ್ದ ಗಂಟಲಿನಲ್ಲಿ ಕೇಳಿದ.

"ಕಡೀಕ ಓ ಅಂದದ್ದು ಯಾರು? ಕೂಸೋ, ಅದೋ?"

ಅವಳು ಮೆಟ್ಟಿಲಿಳಿದು ಮಗಳ ಮುಂದೆ ಕೂತಳು. ಬೆಚ್ಚಗಿದ್ದ ಹೊಟ್ಟೆಗೆ ಕಿವಿಯಿಟ್ಟಳು. ಒಳಗೆ ನೀರು ಅಲುಗುತ್ತಿತ್ತು, ನೀರಿನಲ್ಲಿ ಯಾರೋ ಮಗ್ಗುಲು ಬದಲಿಸುತ್ತಿದ್ದರು. ಮಗಳು ತಾಯಿಯ ತಲೆ ಸವರುತ್ತ, "ಏನಂತೈತಿ ಯವ್ವಾ?" ಎಂದು ಆಸೆಯಿಂದ ಕೇಳುತ್ತಿದ್ದಳು.

ತಾಯಿ ತಲೆಯೆತ್ತಿದಳು. ಗಂಡನ ಮುಖ ನೋಡಲಾರದೆ, ಮಗಳ ಮುಖವನ್ನೂ ನೋಡಲಾರದೆ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಮ್ಮ ಮನಿಯವರ್ರೀ" ಎಂದಳು, ಹೆಸರು ಹಿಡಿಯದೆ, ಕೂಸಿಗೂ ಅದಕ್ಕೂ ಒಂದೇ ಮಾತಿನಲ್ಲಿ.

ಕೂಗುವವನು ಹಲಗೆ ಎತ್ತಿಕೊಂಡು ಕೆರೆಯ ಕಡೆಗೆ ತಿರುಗಿ ನಿಂತ, ಅವಳು ಹೇಳಿದ್ದನ್ನೇ ಊರಿಗೆ ಸಾರಿದ.